ನುಂಗಿದ ಪೆಟ್ಟು

"ಅಂಕಲ್, ನಾನೊಂದು ತಪ್ಪು ಮಾಡಿದೀನಿ." ಈ ಒಂದೇ ವಾಕ್ಯವನ್ನು ಸಿಯಾ ಆಸ್ಟಿನ್‌ನಿಂದ ಹ್ಯೂಸ್ಟನ್‌ವರೆಗೆ ಡ್ರೈವ್ ಮಾಡುತ್ತ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮನೆಯಲ್ಲಿ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೆಳೆದವಳು. ಆರು ವರ್ಷ ತಡವಾದರೂ ಇದನ್ನು ಕನ್ನಡದಲ್ಲೇ ಹೇಳಬೇಕೆಂಬ ಹಠ. ಆದರೆ ಬಾಗಿಲು ತೆರೆದ ಚಿದಾನಂದ್ ಅಂಕಲ್ ಅವಳಿಗೆ ಬಾಯಿ ಬಿಡಲು ಬಿಟ್ಟರೆ ತಾನೇ.

"ಬಾ ತಾಯಿ, ಬಾ. ಟೆಕ್ಸಾಸನ್ನೆಲ್ಲ ಕುಣಿಸೋಳು ನಮ್ಮನೆ ಬೆಲ್ ಒತ್ತೋದಾ? ಊಟ ಆಯ್ತಾ? ಇವತ್ತು ಶನಿವಾರ, ಸಾರು ಮಾಡಿದೀನಿ."

ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಯಲ್ಲಿ ದಿನವೆಲ್ಲ ಸೀರೆ ಬಿಡಿಸಿ ಮಡಿಸುತ್ತಿದ್ದ ಈ ಮನುಷ್ಯ ಶನಿವಾರ ಸಂಜೆ ಖಂಜಿರ ಹಿಡಿದರೆ ಸಾಕು, ಹುತ್ತದೊಳಗಿಂದ ಎದ್ದು ಬಂದ ಋಷಿಯ ಹಾಗೆ ಕಾಣುತ್ತಿದ್ದರು. ಒಂಬತ್ತು ವರ್ಷದ ಸಿಯಾಗೆ ಅವರು ಕಲಿಸಿದ್ದು ತಾವೇ ಕಟ್ಟಿದ ಒಂದು ಲೆಕ್ಕ. ಏಳು ಪೆಟ್ಟು, ಅದರಲ್ಲಿ ಆರನೆಯದನ್ನು ನುಂಗಬೇಕು. ತಕಿಟ ತಕ... ಮಿ. "ಆ ಖಾಲಿ ಜಾಗದಲ್ಲಿ ಕೇಳೋರ ಎದೆ ಒಂದು ಸಲ ಜಾರಬೇಕು" ಎನ್ನುತ್ತಿದ್ದರು. ದೊಡ್ಡವಳಾದ ಮೇಲೆ ಸಿಯಾ ಅದನ್ನೇ ಬೇಸ್ ಗಿಟಾರಿಗೆ ಇಳಿಸಿ ‘ಸಾಟರ್ಡೇ ಸಾರು’ ಎಂಬ ಫಂಕ್ ಹಾಡು ಮಾಡಿದಳು. ಬಿಡಿಹಾಡಾಗಿ ಹೊರಬಂದ ಅವಳ ಮೊದಲ ಸಿಂಗಲ್. ಜನರ ಎದೆ ಜಾರಿತು, ಸೊಂಟವೂ ಕುಣಿಯಿತು.

ಆರು ವರ್ಷದ ಹಿಂದೆ ಆ ಹಾಡು ಬಂದಾಗ, ತಾಳ ಕಲಿಸಿದವರು ಯಾರೆಂದು ಆಸ್ಟಿನ್‌ನ ಒಂದು ಪತ್ರಿಕೆಯವನು ಕೇಳಿದಾಗ "ಮೈ ಅಂಕಲ್" ಎಂದಳು. ನಮ್ಮವರಿಗೆ ಕಂಡ ಹಿರಿಯರೆಲ್ಲ ಅಂಕಲ್ಲೇ ಎಂದು ಅವನಿಗೇನು ಗೊತ್ತು? ಡಾಲಸ್ ಹತ್ತಿರದ ಸೌತ್‌ಲೇಕ್‌ನಲ್ಲಿದ್ದ ಅವಳ ಚಿಕ್ಕಪ್ಪ, ಹಲ್ಲಿನ ಡಾಕ್ಟರ್ ಉದಯಶಂಕರನ ಫೋಟೊ ಹಾಕಿ ಬರೆದುಬಿಟ್ಟ. ಆಮೇಲೆ ತಿದ್ದಿಸಿದರಾಯಿತು ಎಂದುಕೊಂಡಳು. ಎರಡನೆಯ ಸಿಂಗಲ್ ಬಂದಾಗ ಡಾಲಸ್‌ನ ಪತ್ರಿಕೆ ಅದನ್ನೇ ಎತ್ತಿ ಬರೆಯಿತು. ಮೂರನೆಯದರ ಸಂದರ್ಶನದಲ್ಲಿ, ಯಾರೂ ಕೇಳದೆಯೇ, "ತಾಳ ನಮ್ಮ ವಂಶದಲ್ಲೇ ಇದೆ" ಎಂದು ಅವಳೇ ಹೇಳಿದ್ದಳು. ಕೇಳಲು ಚೆನ್ನಾಗಿತ್ತು.

ಈಗ ಸಾರಿನ ಬಟ್ಟಲಿನ ಪಕ್ಕ ಅಂಕಲ್ ಒಂದು ಫೈಲ್ ತಂದಿಟ್ಟರು. ಪತ್ರಿಕೆಗಳ ಆ ಮೂರೂ ಬರಹಗಳು, ಅಂಚು ನೀಟಾಗಿ ಕತ್ತರಿಸಿ ಅಂಟಿಸಿದ್ದವು. ಚಿಕ್ಕಪ್ಪನ ಹೆಸರಿನ ಕೆಳಗೆ ಪೆನ್ಸಿಲ್ ಗೆರೆ. ಬಾಯಿಪಾಠ ಮಾಡಿದ ವಾಕ್ಯ ಸಿಯಾಗೆ ಮರೆತೇಹೋಯಿತು.

"ಅಂಕಲ್, ಇದು ಚಿಕ್ಕಪ್ಪ ಅಲ್ಲ. ನೀವು. ನನಗೆ ಕಲಿಸಿದ್ದು ನೀವು."

ಅವರು ಕನ್ನಡಕದ ಮೇಲಿಂದ ಅವಳನ್ನು ನೋಡಿ ನಕ್ಕರು. "ಮುದುಕನಿಗೆ ಬೇಜಾರಾಗಬಾರದು ಅಂತ ಇಷ್ಟು ದೂರ ಬಂದ್ಯಾ? ಮೂರು ಸಲ ಅಚ್ಚಾಗಿದೆಯಲ್ಲಮ್ಮ."

"ಐ ಸ್ವೇರ್, ಅಂಕಲ್. ಚಿಕ್ಕಪ್ಪನಿಗೆ ಭಜನೇಲಿ ಚಪ್ಪಾಳೆ ಕೂಡ ಸರಿಯಾಗಿ ಬರಲ್ಲ."

"ದೊಡ್ಡೋರನ್ನ ಹಾಗೆಲ್ಲ ಅನ್ನಬಾರದು" ಎಂದು ಗದರಿದರು. ಆಮೇಲೆ ಗೋಡೆಯ ಮೊಳೆಯಿಂದ ಖಂಜಿರ ತೆಗೆದು, ಲೋಟದ ನೀರಿಗೆ ಬೆರಳದ್ದಿ ಅದರ ಚರ್ಮ ಸವರಿ, ಹದ ನೋಡಿ ನುಡಿಸಿದರು. ತಕಿಟ ತಕ...

ಕೈ ಗಾಳಿಯಲ್ಲೇ ನಿಂತಿತು. ಸಿಯಾ ಏಳನೆಯ ಪೆಟ್ಟಿಗೆ ಕಾದಳು. ಅದು ಬರಲಿಲ್ಲ.

"ಇದು ನನಗೊಬ್ಬನಿಗೇ ಹೊಳೆದಿದ್ದು ಅಂದ್ಕೊಂಡಿದ್ದೆ ನೋಡು, ನಾನು ಕಲಿಸೋಕೆ ಮುಂಚೇನೇ ನಿಮ್ಮ ವಂಶದಲ್ಲಿತ್ತಂತೆ" ಎಂದರು ಖಂಜಿರವನ್ನು ಮೊಳೆಗೆ ಸಿಕ್ಕಿಸುತ್ತ. "ನಿಮ್ಮ ಚಿಕ್ಕಪ್ಪನಿಗೆ ನನ್ನ ನಮಸ್ಕಾರ ಹೇಳು."