ಜಯಣ್ಣ ಕೈಯೆತ್ತಿದ

ಹಾಡಿನ ನಡುವೆ ಅಶ್ವಿನಿ ಮೈಕನ್ನು ಜನರತ್ತ ಹಿಡಿದಳು. ಆ ಒಂದು ಸಾಲನ್ನು ಯಾವಾಗಲೂ ಅಭಿಮಾನಿಗಳೇ ಹಾಡುತ್ತಿದ್ದರು. ತರೀಕೆರೆಯ ಮೈದಾನದಲ್ಲಿ ಇಂದು ಒಬ್ಬರೂ ಬಾಯಿ ತೆರೆಯಲಿಲ್ಲ.

"ನಮ್ ಜಯಣ್ಣನ್ ಜಾಗ್ದಾಗೆ ಇವ್ಳೇನ್ ಹಾಡೋದು? ಇಳಿಯೇ ಕೆಳಕ್ಕೆ!" ಅಜ್ಜಂಪುರದಿಂದ ಬಂದಿದ್ದ ಅಭಿಮಾನಿ ಓಂಕಾರೇಶ್ ಕೂಗಿದ.

ಜಯಣ್ಣ ಎಂದರೆ ಅಶ್ವಿನಿ ಈಗ ಹಾಡುತ್ತಿದ್ದ ರಾಕ್ ಬ್ಯಾಂಡಿನ ಹಳೆಯ ಗಾಯಕ ಮೃತ್ಯುಂಜಯ. ಅವನು ಮುಂದಿನ ಸಾಲಿನಲ್ಲೇ ಕೂತಿದ್ದ. ಗಂಟಲಿನ ಆಪರೇಷನ್ ಆದಮೇಲೆ ಅವನಿಗೆ ದನಿ ಉಳಿದಿರಲಿಲ್ಲ. ಹಾಡುಗಳು ತನ್ನೊಂದಿಗೇ ಮುಗಿಯಬಾರದೆಂದು ಆರು ತಿಂಗಳು ಕೈಸನ್ನೆಯಲ್ಲೇ ಅಶ್ವಿನಿಗೆ ಕಲಿಸಿದವನು ಅವನೇ.

ಅವನು ಎದ್ದು ಜನರತ್ತ ತಿರುಗಿದ. ಹಾಡಿ ಎಂದು ಕೈಯೆತ್ತಿದ, ತುಟಿಯಲ್ಲೇ ಆ ಸಾಲನ್ನು ಆಡಿ ತೋರಿಸಿದ. ಆದರೆ ಹತ್ತು ವರ್ಷ ವೇದಿಕೆಯ ಮೇಲೆ ಅವನು ಕೈಯೆತ್ತಿದಾಗಲೆಲ್ಲ ಜನ ಅವನ ಹೆಸರು ಕೂಗುತ್ತಿದ್ದರು.

"ಅಣ್ಣ ಎದ್ದ ನೋಡ್ರೋ! ಅಣ್ಣಂಗೂ ಇವ್ಳು ಬ್ಯಾಡ ಕಣ್ರೋ!"

"ಜಯಣ್ಣ! ಜಯಣ್ಣ!"

ಅವನು ತಲೆಯಾಡಿಸಿದ, ಹಾಗಲ್ಲವೆಂದು ಎರಡೂ ಕೈ ಬೀಸಿದ. ಕೂಗು ಇನ್ನೂ ಏರಿತು. ಯಾರೋ ಓಡಿಹೋಗಿ ಸ್ಪೀಕರಿನ ವೈರ್ ಕಿತ್ತರು. ವೇದಿಕೆಯ ಮೇಲೆ ಅಶ್ವಿನಿ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದಳು. ಅವಳ ತುಟಿಗಳಷ್ಟೇ ಅಲುಗುತ್ತಿದ್ದವು.