ಉಡುಪಿಗೆ ಒಂದು ಕಾರು

ಆರನೆಯ ಕಾರನ್ನೂ ಹರಿಪ್ರಿಯಾ ಬೇಡವೆಂದಳು.

ಚೆನ್ನೈಯ ಅಂಬತ್ತೂರಿನಲ್ಲಿ ಹಳೆ ಕಾರುಗಳ ವ್ಯಾಪಾರ ಮಾಡುವ ಸುರೇಶ ಹಣೆಯ ಬೆವರು ಒರೆಸಿಕೊಂಡ. ಹೊಸೂರಿನ ಕಡೆಯವನು. ಕನ್ನಡದ ಗಿರಾಕಿ ಬಂದರೆ ಕುರ್ಚಿಯನ್ನು ತಾನೇ ಎಳೆದುಹಾಕುತ್ತಿದ್ದ. ಈ ಗಿರಾಕಿಗೆ ಮೂರು ಶನಿವಾರಗಳಿಂದ ಎಳೆದುಹಾಕಿ ಹಾಕಿ ಅವನಿಗೇ ಸಾಕಾಗಿತ್ತು.

"ಇದಕ್ಕೆ ಏನಾಗಿದೆ ಮೇಡಮ್? ಒಬ್ಬರೇ ಓನರ್, ಅದೂ ಡಾಕ್ಟರು. ನಲವತ್ತು ಸಾವಿರ ಕಿಲೋಮೀಟರ್ ಅಷ್ಟೇ ಓಡಿರೋದು. ಎಂಜಿನ್ ಸೂಪರಾ ಇರುಕ್ಕು."

"ದಾರಿಯಲ್ಲಿ ಎಲ್ಲೂ ನಿಲ್ಲೋದೇ ಇಲ್ವಾ?"

"ಒಂದು ಸಲವೂ ನಿಂತಿಲ್ಲ."

ಹರಿಪ್ರಿಯಾ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಹಾಗಾದರೆ ಬೇಡ ಬಿಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಸುರೇಶ. ಆದರೆ ಈ ಕಾರಿನ ವಿಷಯದಲ್ಲಿ ಅಪರೂಪಕ್ಕೆ ನಿಜವನ್ನೇ ಹೇಳಿದ್ದ. ನಿಜ ಹೇಳಿಯೂ ಕಳ್ಳನಂತೆ ಕಾಣುವುದು ತನ್ನ ಮುಖದ ದೋಷವಿರಬೇಕೆಂದು ಸಮಾಧಾನ ಮಾಡಿಕೊಂಡ.

ಹೆಂಗಸಿಗೆ ಕಾರು ತಿಳಿಯದೆಂದು ಹೇಳುವಂತೆಯೂ ಇರಲಿಲ್ಲ. ಬಾಗಿಲು ತೆರೆದವಳು ಮೊದಲು ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು ನೋಡುತ್ತಿದ್ದಳು. ಚೆನ್ನೈಯ ಮಳೆಯಲ್ಲಿ ಮುಳುಗೆದ್ದ ಕಾರನ್ನು ಎಷ್ಟು ತೊಳೆದರೂ ಅಲ್ಲೊಂದು ಕೆಸರಿನ ಗೆರೆ ಉಳಿದಿರುತ್ತದೆ. ಎರಡು ಕಾರು ಆ ಗೆರೆಯಲ್ಲೇ ಹೋದವು. ಒಂದು ಬ್ರೇಕಿನಲ್ಲಿ ಹೋಯಿತು. ಉಳಿದ ಮೂರು ಯಾಕೆ ಹೋದವೆಂದು ಸುರೇಶನಿಗೆ ತಿಳಿಯಲಿಲ್ಲ.

"ಮನೆಯಲ್ಲಿ ಎಂಜಿನ್ ಗೊತ್ತಿರೋರು ಯಾರಾದರೂ ಇದ್ದರೆ ಕರಕೊಂಡು ಬನ್ನಿ ಮೇಡಮ್."

"ಇಬ್ಬರಿದಾರೆ. ಅಪ್ಪ ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದೋರು. ನಮ್ಮನೆಯವರು ಸರ್ವೀಸ್ ಸೆಂಟರಲ್ಲಿ ಮ್ಯಾನೇಜರ್. ಒಬ್ಬರು ಬಂದರೆ ಇನ್ನೊಬ್ಬರು ಬರಲ್ಲ."

ಅವಳ ಕಷ್ಟವೆಲ್ಲ ಆ ಕೊನೆಯ ಮಾತಿನಲ್ಲಿತ್ತು. ಎರಡು ವರ್ಷದ ಹಿಂದೆ ಅಪ್ಪ ಕೃಷ್ಣರಾಜರು ಕಣ್ಣಿನ ಆಪರೇಷನ್ನಿಗೆ ಹೋಗಿದ್ದಾಗ ಅಳಿಯ ಗುರುಚರಣ ಅವರ ಹಳೆಯ ಸ್ಕೂಟರನ್ನು ಗುಜರಿಗೆ ಹಾಕಿದ್ದ. ಒಳ್ಳೆಯದೇ ಮಾಡಿದೆನೆಂದು ಅವನು, ಬೆನ್ನಿಗೆ ಚೂರಿ ಹಾಕಿದನೆಂದು ಇವರು. ಅಂದಿನಿಂದ ಮಾತಿಲ್ಲ. ಒಂದೇ ಮನೆ, ಒಂದೇ ಊಟದ ಮೇಜು. ಉಪ್ಪು ಬೇಕಾದರೂ "ಅವರಿಗೆ ಹೇಳು" ಎಂದು ಹರಿಪ್ರಿಯಾಳ ಮೂಲಕವೇ ಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಗಾಡಿಯಲ್ಲಿ ಅವಳು ಕುಳಿತಿದ್ದಳು.

ಈಗ ಅಪ್ಪ ತಾಂಬರಂ ಕಡೆಯ ವೃದ್ಧಾಶ್ರಮವೊಂದರಲ್ಲಿ ಕೋಣೆ ಹಿಡಿದಿದ್ದರು. ಅದಕ್ಕೆ ಮುಂಚೆ ಒಮ್ಮೆ ರಸ್ತೆಯಲ್ಲೇ ಉಡುಪಿಗೆ ಹೋಗಿ ಕೃಷ್ಣನನ್ನು ನೋಡಬೇಕು; ಬಂದವರೇ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾರೆ. ಏಳುನೂರು ಕಿಲೋಮೀಟರು ಗುರುಚರಣನೇ ಓಡಿಸಬೇಕು. ಕಾರನ್ನು ಒಬ್ಬರು ಆರಿಸಿದರೆ ಇನ್ನೊಬ್ಬರು ಹುಳುಕು ಹುಡುಕುತ್ತಾರೆಂದು ಹರಿಪ್ರಿಯಾ ತಾನೇ ಹೊರಟಿದ್ದಳು. ಅಪ್ಪ ಹೊರಟುಹೋಗುವುದು ಅವಳಿಗೆ ಬೇಕಿರಲಿಲ್ಲ.

ಇದನ್ನೆಲ್ಲ ಕೇಳಿ ಸುರೇಶನ ಮನಸ್ಸು ಕರಗಿತು. ಹಾವು ಮುಂಗುಸಿಯನ್ನು ಒಂದೇ ಡಬ್ಬಿಯಲ್ಲಿಟ್ಟುಕೊಂಡು ಹೋಗುವವಳಿಗೆ ಕಾರೂ ಕೈಕೊಟ್ಟರೆ ಹೇಗೆ? ಅವಳು ಅಷ್ಟು ಕೆದಕುವುದರಲ್ಲಿ ತಪ್ಪೇನಿದೆ? ಆದ್ದರಿಂದಲೇ ಮೂಲೆಯಲ್ಲಿದ್ದ ನೀಲಿ ಕಾರಿನ ಬಳಿ ಅವಳು ನಿಂತಾಗ ಅವನು ತಾನಾಗಿಯೇ ತಡೆದ.

"ಅದು ನಿಮಗೆ ವೇಂಡಾಮ್ ಮೇಡಮ್. ಹನ್ನೆರಡು ವರ್ಷದ್ದು. ಎರಡು ಮೂರು ಗಂಟೆ ಓಡಿ ಕಾದರೆ ಇಗ್ನಿಷನ್ ಕಾಯಿಲ್ ಕೈಕೊಡುತ್ತೆ. ನಿಂತುಬಿಡುತ್ತೆ."

"ಥಟ್ಟಂತ ನಿಲ್ಲುತ್ತಾ?"

"ಇಲ್ಲ, ಕೆಮ್ಮಿ ಕೆಮ್ಮಿ ನಿಲ್ಲೋದು. ಪಕ್ಕಕ್ಕೆ ತಗೊಳ್ಳೋಕೆ ಟೈಮ್ ಸಿಗುತ್ತೆ."

"ಆಮೇಲೆ?"

"ಅರ್ಧ ಗಂಟೆ ಆರಿದರೆ ಮತ್ತೆ ಓಡುತ್ತೆ."

ಹರಿಪ್ರಿಯಾ ಬೆಲ್ಟು ಎಳೆದು ನೋಡಿದಳು. ಬ್ರೇಕು ಒತ್ತಿದಳು. ಟೈರುಗಳ ಗೀರಿಗೆ ಉಗುರು ಇಳಿಸಿದಳು. ಎಲ್ಲವೂ ಸರಿಯಿದ್ದವು.

"ಇದನ್ನೇ ಕೊಡಿ."

ಸುರೇಶ ತಬ್ಬಿಬ್ಬಾದ. "ಸರಿ, ಕಾಯಿಲ್ ನಾನೇ ಹೊಸದು ಹಾಕಿಸಿಕೊಡ್ತೀನಿ."

"ಏನೂ ಮುಟ್ಟಬೇಡಿ. ಇದ್ದ ಹಾಗೇ ಇರಲಿ. ಬುಧವಾರ ಸಂಜೆ ಮನೆಗೆ ತಂದುಕೊಡಿ, ಗುರುವಾರ ಬೆಳಿಗ್ಗೆ ಹೊರಡ್ತೀವಿ."

ಡೂಪ್ಲಿಕೇಟ್ ಕಾಯಿಲ್ ಹಾಕಿಬಿಡುತ್ತಾನೆಂಬ ಅನುಮಾನವಿರಬೇಕು. ಮನೆಯಲ್ಲೇ ಬಲ್ಲವರಿದ್ದಾರಲ್ಲ, ಅವರೇ ನೋಡಿಕೊಳ್ಳುತ್ತಾರೆ. ಬುಧವಾರ ಸಂಜೆಗೆ ಪಂಚಾಂಗದಲ್ಲಿ ಒಳ್ಳೆಯ ಗಳಿಗೆ ಇರಬೇಕು. ಹೀಗೆ ಎಲ್ಲಕ್ಕೂ ತಾನೇ ಉತ್ತರ ಕೊಟ್ಟುಕೊಂಡು ಸುರೇಶ ಹೇಳಿದ ಸಂಜೆಗೇ ಕಾರು ತಂದು ಬೀಗದ ಕೈ ಒಪ್ಪಿಸಿದ.

ಗುರುವಾರ ಹತ್ತು ಗಂಟೆಗೆ ಅವನ ಫೋನು ಹೊಡೆದುಕೊಂಡಿತು.

"ಸುರೇಶ್ ಅವರೇ, ವೇಲೂರು ದಾಟಿದ ಮೇಲೆ ಕಾರು ನಿಂತಿದೆ."

ಸುರೇಶ ಕುರ್ಚಿಯಿಂದ ಎದ್ದೇಬಿಟ್ಟ. "ನಾನು ಮೊದಲೇ ಹೇಳಿದೆ ಮೇಡಮ್. ಇರಿ, ಅಲ್ಲಿ ನಮ್ಮ ಮೆಕ್ಯಾನಿಕ್ ಒಬ್ಬನಿದಾನೆ. ಇಪ್ಪತ್ತು ನಿಮಿಷದಲ್ಲಿ ಕಳಿಸ್ತೀನಿ."

"ಯಾರನ್ನೂ ಕಳಿಸಬೇಡಿ. ಸ್ವಲ್ಪ ಮೆಲ್ಲಗೆ ಮಾತಾಡಿ."

ಅವಳ ಹಿಂದೆ ಲಾರಿಗಳು ಹಾದುಹೋಗುತ್ತಿದ್ದವು. ಆ ಸದ್ದಿನ ನಡುವೆ ಎರಡು ಗಂಡು ದನಿಗಳು.

"ಕಾಯಿಲ್ ಅಲ್ಲ ಮಾವ, ಪೆಟ್ರೋಲ್ ಪಂಪ್ ಇರಬೇಕು."

"ನಿನ್ನ ತಲೆ. ಟಾರ್ಚು ಈ ಕಡೆ ಹಿಡಿ. ಕೈ ಸುಟ್ಟುಕೊಂಡೀಯ, ಹುಷಾರಪ್ಪ."

ಫೋನಿನಲ್ಲಿ ಹರಿಪ್ರಿಯಾ ಮೂಗು ಸೇದಿದ ಸದ್ದು ಕೇಳಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಸುರೇಶನಿಗೆ ಗೊತ್ತಾಗಲಿಲ್ಲ.

"ಇನ್ನೇನು ಅರ್ಧ ಗಂಟೆ ಆಗುತ್ತೆ ಸುರೇಶ್ ಅವರೇ, ಇವರಿಬ್ಬರ ಮಾತು ಈಗಷ್ಟೇ ಶುರುವಾಗಿದೆ, ಸ್ಟೀರಿಂಗ್ ಕೆಳಗೆ ಫ್ಯೂಸ್‌ಗಳಿವೆಯಲ್ಲ, ಕಾರು ಮತ್ತೆ ಹೊರಡದ ಹಾಗೆ ಯಾವುದನ್ನ ಕೀಳಲಿ, ಬೇಗ ಹೇಳಿ."