ದೊಡ್ಡ ಕಣ್ಣಿನ ಬಲೆ

ರಾವಸ ಮೀನು ಮೊಟ್ಟೆಯಿಡುವ ಕಾಲ. ವರ್ಷದಿಂದ ವರ್ಷಕ್ಕೆ ಅದು ಕಡಿಮೆಯಾಗುತ್ತಿದೆಯೆಂದು, ಮಳೆಗಾಲ ಮುಗಿಯುವ ತನಕ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಯಾರೂ ಬಲೆ ಹಾಕಬಾರದೆಂದು ಊರಿನ ಮೀನುಗಾರರೇ ಕಟ್ಟಳೆ ಮಾಡಿಕೊಂಡು, ದಡದಲ್ಲಿ ಬೋರ್ಡು ನೆಟ್ಟಿದ್ದರು. ಆ ಬೆಳಿಗ್ಗೆ ಕಾವಲಿನ ಪಾಳಿ ಮಂಕಾಳಿಯದು.

ಅಳಿವೆಗೆ ಅಡ್ಡಲಾಗಿ ಬಲೆ ಕಟ್ಟಿಕೊಂಡು, ಸೊಂಟದವರೆಗಿನ ನೀರಿನಲ್ಲಿ ಯಾರೋ ಅಪರಿಚಿತ ನಿಂತಿದ್ದ. ಅವಳಿಗೆ ಮೈಯೆಲ್ಲ ಉರಿಯಿತು.

"ಏಯ್, ಬೋರ್ಡು ಕಾಣ್ಲಿಲ್ವಾ ನಿಂಗೆ?"

"ಕಂಡೆ ಅಕ್ಕಾ. ಓದಿದೆ."

"ಓದಿಯೂ ಹಾಕಿದ್ಯಾ? ನಾವು ಬರೀ ಗಂಜಿ ಕುಡ್ದು ಕೂತದ್ದು ನೀನು ಬಂದು ಬಾಚ್ಕೊಂಡು ಹೋಗ್ಲಿ ಅಂತನಾ? ಯಾವೂರು ನಿಂದು?"

"ಮೇಲೆ. ಘಟ್ಟದ ಬುಡದಲ್ಲಿ."

"ಅಲ್ಲಿ ಹೊಳೆ ಇಲ್ವಾ?"

ಮಂಕಾಳಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು; ಬಲೆಯ ಅಂಚು ಹಿಡಿದು ಸಿಟ್ಟಿನಿಂದ ಎಳೆದಳು. ಮೇಲೆ ಬಂದದ್ದನ್ನು ನೋಡಿ ಅವಳ ಕೈ ನಿಂತಿತು. ಬಲೆಯ ಕಣ್ಣುಗಳನ್ನೆಲ್ಲ ಕತ್ತಿಯಿಂದ ಕೊಯ್ದು, ಒಂದೊಂದನ್ನೂ ಮೊರದಷ್ಟು ಅಗಲ ಮಾಡಿ ಮತ್ತೆ ಗಂಟು ಹಾಕಲಾಗಿತ್ತು.

"ಇದೆಂಥ ಬಲೆಯೋ? ಎಷ್ಟು ದೊಡ್ಡ ರಾವಸ ಆದ್ರೂ ಇದ್ರಲ್ಲಿ ನುಸುಳಿ ಹೋಗ್ತದಲ್ಲ!"

"ಹೋಗ್ಲಿ ಅಂತಲೇ ಕೊಯ್ದದ್ದು, ಬೋರ್ಡು ಓದಿದ ಮೇಲೆ." ಅವನು ನೀರಿನ ಮೇಲಿಂದ ದೃಷ್ಟಿ ತೆಗೆಯಲಿಲ್ಲ. "ಮೊನ್ನೆ ನಮ್ಮೂರ ಕಡವಿನಲ್ಲಿ ದೋಣಿ ಮಗುಚ್ತು. ಉಳಿದವ್ರೆಲ್ಲ ಸಿಕ್ಕಿದ್ರು. ನನ್ನ ಮಗಳು ಇದೇ ದಾರೀಲಿ ಬರ್ಬೇಕು ಅಕ್ಕಾ."